ಕಾರಿನ ಹ್ಯಾಮ್ ರೇಡಿಯೊ ಸೆಟ್ಟಿನ ಬಾಳಿಕೆ: ಬಳಸಿದವರ ಮಾತೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಹೊಸದಾಗಿ ಮಾರುಕಟ್ಟೆಗೆ ಬರುವ ಫೋನು, ಕಾರು, ಗೃಹೋಪಯೋಗಿ ಯಂತ್ರಗಳ ಪರಿಚಯ ಲೇಖನಗಳನ್ನು ನಾನು ಪತ್ರಿಕೆಯಲ್ಲಿ ತಪ್ಪದೆ ಓದುವವನು. ಆದರೆ ಆ ಲೇಖನಗಳೆಲ್ಲ ವಸ್ತು ಪೆಟ್ಟಿಗೆಯಿಂದ ಹೊರಬಂದ ಮೊದಲ ವಾರದ ಮಾತುಗಳು. ಐದು ಬೇಸಿಗೆ, ಐದು ಮಳೆಗಾಲ ಕಳೆದ ಮೇಲೆ ಅದೇ ವಸ್ತು ಹೇಗಿದೆ ಎಂದು ಯಾರೂ ಬರೆಯುವುದಿಲ್ಲ. ಸುಲಭವಾಗಿ ರಿಪೇರಿ ಮಾಡಿಸಬಹುದಾದ ವಸ್ತುಗಳ ವಿಷಯದಲ್ಲಿ ಇದು ದೊಡ್ಡ ಕೊರತೆಯೇನಲ್ಲ. ಆದರೆ ಕಾರಿನಲ್ಲಿ ಅಳವಡಿಸುವ ಹವ್ಯಾಸಿ ರೇಡಿಯೊ ಸೆಟ್ಟಿನಂತಹ, ಬಿಡಿಭಾಗ ಊರಿನಲ್ಲಿ ಸಿಗದ, ಕೆಟ್ಟರೆ ದೂರದ ನಗರಕ್ಕೆ ಕಳುಹಿಸಬೇಕಾದ ಉಪಕರಣದ ವಿಷಯದಲ್ಲಿ ಕೊಳ್ಳುವವನಿಗೆ ನಿಜವಾಗಿ ಬೇಕಾದದ್ದು ಈ ದೀರ್ಘಕಾಲದ ಮಾತೇ. ದಾವಣಗೆರೆಯಲ್ಲಿದ್ದುಕೊಂಡು 2003ರಿಂದ ಇಂತಹ ಮೂರು ಸೆಟ್ಟುಗಳನ್ನು ಬಳಸಿರುವ ನಾನು ನನ್ನ ಅನುಭವವನ್ನು ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಹೊಸತಾಗಿರುವ ಓದುಗರಿಗಾಗಿ ಒಂದೆರಡು ಮಾತು. ಹ್ಯಾಮ್ ರೇಡಿಯೊ ಎಂದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು, ಪರವಾನಗಿ ಮತ್ತು ಪ್ರಸಾರದಲ್ಲಿ ತಮ್ಮನ್ನು ಗುರುತಿಸುವ ಕಾಲ್‌ಸೈನ್ ಪಡೆದವರು ತಮ್ಮದೇ ಸೆಟ್ಟಿನಿಂದ ಒಬ್ಬರೊಡನೊಬ್ಬರು ಮಾತನಾಡುವ ವ್ಯವಸ್ಥೆ. ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ. ಇದನ್ನು ಬರೀ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ ಎಂಬುದಕ್ಕೆ 2004ರ ಡಿಸೆಂಬರ್ ಸಾಕ್ಷಿ. ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಆಗ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸದ ಪ್ರಸಾರಕ್ಕೆಂದು ಹೋಗಿತ್ತು. 26ರ ಸುನಾಮಿಯ ನಂತರ ಅಂಡಮಾನ್ ದ್ವೀಪಗಳ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿದ್ದು ಅದೇ ಸೆಟ್ಟುಗಳು. ಕಾರಿನ ಸೆಟ್ಟು ಇದರ ಚಿಕ್ಕ ರೂಪ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಸ್ ನಡುವಿನ ಎರಡು ಮೀಟರ್ ಬ್ಯಾಂಡ್ ಎಂಬ ತರಂಗಗಳ ಪಟ್ಟಿಯಲ್ಲಿ, ಹೆಚ್ಚೆಂದರೆ 50 ವಾಟ್ ಆಸುಪಾಸಿನ ಶಕ್ತಿಯಲ್ಲಿ ಕೆಲಸ ಮಾಡುತ್ತದೆ. ಅರ್ಧ ಮೀಟರ್ ಉದ್ದದ ಒಂದು ಕಡ್ಡಿ ಕಾರಿನ ತಾರಸಿಯ ಮೇಲಿದ್ದರೆ ಅದೇ ಆಂಟೆನಾ.

ಈಗ ಬಾಳಿಕೆಯ ಮಾತಿಗೆ ಬರುತ್ತೇನೆ. ಮೂರು ಸೆಟ್ಟುಗಳ ತಯಾರಕರ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಒಬ್ಬ ಮಾಲೀಕನ ಮೂರು ಸೆಟ್ಟುಗಳಿಂದ ಒಂದು ಕಂಪನಿಯನ್ನು ಒಳ್ಳೆಯದೆಂದೋ ಕೆಟ್ಟದ್ದೆಂದೋ ತೀರ್ಮಾನಿಸುವುದು ನ್ಯಾಯವಲ್ಲ. ಯಾವ ಸೆಟ್ಟು ಎಂಬುದಕ್ಕಿಂತ ಯಾವ ಭಾಗ, ಯಾವ ಕಾರಣಕ್ಕೆ, ಎಷ್ಟು ವರ್ಷಕ್ಕೆ ಕೈಕೊಟ್ಟಿತು ಎಂಬುದನ್ನು ಹೇಳಿದರೆ ಓದುವವನಿಗೆ ಹೆಚ್ಚು ಉಪಯೋಗ ಎಂಬುದು ನನ್ನ ನಂಬಿಕೆ.

2003ರಲ್ಲಿ ಕೊಂಡ ಒಂದೇ ಬ್ಯಾಂಡಿನ ಮೊದಲ ಸೆಟ್ಟು ಇಂದಿಗೂ ನನ್ನ ಕಾರಿನಲ್ಲಿ ಕೆಲಸ ಮಾಡುತ್ತಿದೆ. ಇಷ್ಟು ವರ್ಷಗಳಲ್ಲಿ ಅದರಲ್ಲಿ ಕೆಟ್ಟದ್ದು ಮೈಕಿನ ಸುರುಳಿ ವೈರು ಎರಡು ಸಲ, ಬೆನ್ನಿನ ಫ್ಯಾನು ಒಂದು ಸಲ, ಮತ್ತು ಬ್ಯಾಟರಿಯ ಬಳಿಯ ಫ್ಯೂಸ್ ಹಿಡಿಕೆ. ಎಲ್ಲವೂ ಪೆಟ್ಟಿಗೆಯ ಹೊರಗಿನವು ಅಥವಾ ಅದರ ಅಂಚಿನವು. ಒಳಗಿನ ಬೋರ್ಡನ್ನು ಯಾರೂ ಮುಟ್ಟಿಲ್ಲ. ಮೈಕಿನ ವೈರು ದಿನಕ್ಕೆ ಹತ್ತಾರು ಬಾರಿ ಎಳೆಯಲ್ಪಡುವ ಭಾಗವಾದ್ದರಿಂದ ಅದು ಹರಿಯುವುದು ಸಹಜ. ಸೆಟ್ಟು ಕೊಳ್ಳುವಾಗಲೇ ಇನ್ನೊಂದು ಮೈಕನ್ನು ಕೊಂಡಿಟ್ಟುಕೊಳ್ಳಿ ಎಂದು ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ. ಫ್ಯಾನಿನ ಸಾವಿಗೆ ಕಾರಣ ನಮ್ಮ ಬಯಲುಸೀಮೆಯ ದೂಳು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಒಳರಸ್ತೆಗಳಲ್ಲಿ ಗಾಜು ಇಳಿಸಿಕೊಂಡು ನಾಲ್ಕು ಬೇಸಿಗೆ ಓಡಾಡಿದ ಕಾರಿನ ಸೆಟ್ಟನ್ನು ಬಿಚ್ಚಿದರೆ, ಶಾಖ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹೊದಿಕೆಯಂತೆ ದೂಳು ಕೂತಿರುತ್ತದೆ.

ಈ ಶಾಖದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸೆಟ್ಟು ಬೇಗ ಕೆಟ್ಟಿತು ಎಂದು ದೂರುವ ಅನೇಕರು ಇದನ್ನು ಗಮನಿಸಿರುವುದಿಲ್ಲ. 50 ವಾಟ್ ಹೊರಹಾಕುವಾಗ ಸೆಟ್ಟು 13.8 ವೋಲ್ಟಿನಲ್ಲಿ ಸುಮಾರು 11 ಆಂಪಿಯರ್ ಎಳೆಯುತ್ತದೆ, ಅಂದರೆ ಸುಮಾರು 150 ವಾಟ್. ಆಂಟೆನಾಕ್ಕೆ ಹೋಗುವುದು 50 ಆದರೆ ಉಳಿದ 100 ವಾಟ್ ಪುಸ್ತಕದ ಗಾತ್ರದ ಆ ಪೆಟ್ಟಿಗೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕೈ ಇಟ್ಟರೆ ಸುಡುವ ಹೊತ್ತಿನಲ್ಲಿ ಬಂದು ಕೂತು, ಪೂರ್ತಿ ಶಕ್ತಿಯಲ್ಲಿ ಐದು ನಿಮಿಷ ಬಿಡುವಿಲ್ಲದೆ ಮಾತನಾಡಿದರೆ ಆ ಪೆಟ್ಟಿಗೆಗೆ ಶಾಖವನ್ನು ಎಲ್ಲಿಯೂ ಬಿಟ್ಟುಕೊಡಲು ದಾರಿ ಇರುವುದಿಲ್ಲ. ದಾವಣಗೆರೆಯಿಂದ ಭರಮಸಾಗರ ದಾಟುವವರೆಗೂ 10 ವಾಟಿನಲ್ಲೇ ನನ್ನ ಮಾತು ಸ್ವಚ್ಛವಾಗಿ ಕೇಳಿಸುತ್ತದೆ ಎಂದು ಊರಿನ ಮಿತ್ರರು ಹೇಳುತ್ತಾರೆ. ಹೀಗಿರುವಾಗ ಸದಾ 50 ವಾಟಿನಲ್ಲಿ ಒತ್ತುವ ಅಗತ್ಯವೇ ಇಲ್ಲ. ನನ್ನ ಮೊದಲ ಸೆಟ್ಟಿನ ದೀರ್ಘಾಯುಸ್ಸಿಗೆ ಈ ಒಂದು ಅಭ್ಯಾಸವೇ ಮುಖ್ಯ ಕಾರಣ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇದೇ ಮಾದರಿಯ ಸೆಟ್ಟನ್ನು ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರದಲ್ಲಿರುವ ಮಿತ್ರರೊಬ್ಬರೂ ಕೊಂಡಿದ್ದರು. ಆಂಟೆನಾಕ್ಕೆ ಹೋಗುವ ಶಕ್ತಿಯನ್ನು ಹೆಚ್ಚಿಸಿ ಕೊಡುವ, ಅವರ ಸೆಟ್ಟಿನ ಕೊನೆಯ ಹಂತದ ಪವರ್ ಮಾಡ್ಯೂಲ್ ಎರಡೇ ವರ್ಷಕ್ಕೆ ಸುಟ್ಟಿತು. ನನ್ನ ಸೆಟ್ಟು ಒಳ್ಳೆಯ ಸರಕು, ಅವರದ್ದು ಕೆಟ್ಟ ಸರಕು ಎಂದು ನಾವಿಬ್ಬರೂ ಬಹಳ ದಿನ ನಂಬಿದ್ದೆವು. ಆದರೆ ಹೊಸ ಮಾಡ್ಯೂಲ್ ಹಾಕಿದ ಮೇಲೆ ಆಂಟೆನಾ ಕೇಬಲನ್ನು ಮೀಟರಿಗೆ ಜೋಡಿಸಿ ನೋಡಿದಾಗ, ಆಂಟೆನಾದ ಕಡೆಯಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ, ಒಂದರ ಹತ್ತಿರ ಇರಬೇಕಾದ ಎಸ್‌ಡಬ್ಲ್ಯೂಆರ್ ಮೂರನ್ನು ದಾಟಿತ್ತು. ಅಯಸ್ಕಾಂತದ ಬುಡದ ಆಂಟೆನಾದಿಂದ ಕೆಳಗಿಳಿಯುವ ಕೇಬಲನ್ನು ಅವರು ಹಿಂದಿನ ಬಾಗಿಲಿನ ಸಂದಿಯಿಂದ ಒಳಗೆ ತಂದಿದ್ದರು. ಬಾಗಿಲು ಹಾಕಿದಾಗಲೆಲ್ಲ ಅದು ಜಜ್ಜಿ, ಮಳೆನೀರು ಒಳಗಿಳಿದು, ತಾಮ್ರದ ಹೆಣಿಗೆ ಹಸಿರುಗಟ್ಟಿತ್ತು. ಎಸ್‌ಡಬ್ಲ್ಯೂಆರ್ ಮೂರು ಎಂದರೆ ಕಳುಹಿಸಿದ ಶಕ್ತಿಯ ಕಾಲು ಭಾಗ ಹಿಂದಕ್ಕೆ ಮರಳುತ್ತದೆ. ಅಂತಹ ಸಂದರ್ಭದಲ್ಲಿ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುವ ವ್ಯವಸ್ಥೆ ಸೆಟ್ಟಿನಲ್ಲಿ ಇರುತ್ತದೆಯಾದರೂ, ಎರಡು ವರ್ಷ ದಿನನಿತ್ಯ ಅದನ್ನು ಪರೀಕ್ಷಿಸುತ್ತಿದ್ದರೆ ಯಾವ ರಕ್ಷಣೆಯೂ ಸೋಲುತ್ತದೆ. ಹೊಸ ಕೇಬಲ್ ಹಾಕಿದ ನಂತರ ಆ ಸೆಟ್ಟು ಮತ್ತೆ ತೊಂದರೆ ಕೊಟ್ಟಿಲ್ಲ.

ನನ್ನ ಸ್ವಂತ ತಪ್ಪನ್ನೂ ಹೇಳುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ, ಜಿಲ್ಲೆ ಜಿಲ್ಲೆಗಳಿಂದ ಜನ ಸಾಗರವಾಗಿ ಆ ಅಣೆಕಟ್ಟೆಯಿರುವ ಮಾರಿಕಣಿವೆಗೆ ಬಂದರು. ನಾವೂ ಮೂವರು ಹ್ಯಾಮ್ ಮಿತ್ರರು ಎರಡು ಕಾರುಗಳಲ್ಲಿ ಹೋಗಿದ್ದೆವು. ಆ ಜನಸಂದಣಿಯಲ್ಲಿ ಮೊಬೈಲ್ ಕರೆ ಸರಿಯಾಗಿ ಸಿಗುತ್ತಿರಲಿಲ್ಲ. ರೇಡಿಯೊ ಉಪಯೋಗಕ್ಕೆ ಬರುವುದೇ ಅಂತಹ ಹೊತ್ತಿನಲ್ಲಿ. ಎಂಜಿನ್ ನಿಲ್ಲಿಸಿ, ಮಾತನಾಡಲು ಮೈಕಿನಲ್ಲಿರುವ ಪಿಟಿಟಿ ಗುಂಡಿ ಒತ್ತಿದ ಕೂಡಲೇ ನನ್ನ ಸೆಟ್ಟು ಆರಿಹೋಗಿ ಮತ್ತೆ ತಾನಾಗಿ ಹೊತ್ತಿಕೊಳ್ಳತೊಡಗಿತು. ಹತ್ತೊಂಬತ್ತು ವರ್ಷದ ಸೆಟ್ಟಿಗೆ ಇನ್ನು ವಯಸ್ಸಾಯಿತೆಂದು ಅಲ್ಲೇ ತೀರ್ಮಾನಿಸಿದೆ. ಶಕ್ತಿಯನ್ನು 10 ವಾಟಿಗೆ ಇಳಿಸಿದಾಗ ಸರಿಯಾಗಿ ಕೆಲಸ ಮಾಡಿದ್ದನ್ನು ನೋಡಿಯೂ ನನಗೆ ಕಾರಣ ಹೊಳೆಯಲಿಲ್ಲ.

ಊರಿಗೆ ಮರಳಿ ಪಿ.ಬಿ. ರಸ್ತೆಯ ಬದಿಯಲ್ಲಿ ಅಂಗಡಿ ಇಟ್ಟಿರುವ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿದಾಗ, ರೇಡಿಯೊ ವಿದ್ಯೆ ತಿಳಿಯದ ಅವರು ಮೀಟರ್ ಹಿಡಿದು ಒಂದೇ ನಿಮಿಷದಲ್ಲಿ ಹೇಳಿದರು: “ಸರ್, ಸೆಟ್ಟಿಗೇನೂ ಆಗಿಲ್ಲ, ಅದಕ್ಕೆ ಕರೆಂಟೇ ಮುಟ್ತಿಲ್ಲ.” ಹಿಂದಿನ ವರ್ಷ ಕಾರು ಬದಲಿಸಿದಾಗ ನಾನು ಬ್ಯಾಟರಿಯಿಂದ ನೇರ ವೈರು ಎಳೆಸುವ ಬದಲು ಸಿಗರೇಟ್ ಲೈಟರಿನ ಸಾಕೆಟ್ಟಿನಿಂದಲೇ ವಿದ್ಯುತ್ ತೆಗೆದುಕೊಂಡಿದ್ದೆ. ಒಂದು ಚದರ ಮಿಲಿಮೀಟರ್ ದಪ್ಪದ, ಮೂರು ಮೀಟರ್ ಉದ್ದದ ವೈರಿನಲ್ಲಿ 11 ಆಂಪಿಯರ್ ಹರಿದರೆ, ಹೋಗುವ ಬರುವ ದಾರಿ ಸೇರಿ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿರುವುದೇ ಹನ್ನೆರಡೂವರೆ ವೋಲ್ಟ್. ಇಂತಹ ಸೆಟ್ಟುಗಳನ್ನು ಸಾಮಾನ್ಯವಾಗಿ 13.8 ವೋಲ್ಟಿಗೆ ಶೇಕಡಾ 15 ಹೆಚ್ಚುಕಡಿಮೆ ಎಂಬ ಮಿತಿಯಲ್ಲಿ ರೂಪಿಸಿರುತ್ತಾರೆ. ಅಂದರೆ 11.7 ವೋಲ್ಟಿಗಿಂತ ಕೆಳಗಿಳಿದರೆ ಅವು ಸರಿಯಾಗಿ ನಡೆಯಬೇಕೆಂದು ನಿರೀಕ್ಷಿಸುವಂತಿಲ್ಲ. ಆರು ಚದರ ಮಿಲಿಮೀಟರಿನ ವೈರನ್ನು ಬ್ಯಾಟರಿಯಿಂದ ನೇರವಾಗಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು ಎಳೆಸಿದ ಮೇಲೆ ನಷ್ಟ 0.2 ವೋಲ್ಟಿಗೆ ಇಳಿಯಿತು, ಸೆಟ್ಟಿನ ವಯಸ್ಸೂ ಇಳಿಯಿತು. ಅಂದು ಮಾರಿಕಣಿವೆಯಲ್ಲಿ ಯಾರಿಗಾದರೂ ಪ್ರಾಣಾಪಾಯವಾಗಿ, ನನ್ನ ಸೆಟ್ಟಿನ ಕರೆಯೊಂದರ ಮೇಲೆ ಅವರ ಬದುಕು ನಿಂತಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಈಗಲೂ ಕಾಡುತ್ತದೆ.

ಹಾಗೆಂದು ಎಲ್ಲ ದೋಷವೂ ಮಾಲೀಕನದ್ದೇ ಎಂದು ನಾನು ಹೇಳುತ್ತಿಲ್ಲ. 2012ರಲ್ಲಿ ಕೊಂಡ ನನ್ನ ಎರಡನೆಯ ಸೆಟ್ಟು, ಮುಖಫಲಕವನ್ನು ಬೇರ್ಪಡಿಸಿ ಡ್ಯಾಶ್‌ಬೋರ್ಡಿನ ಮೇಲೆ ಇಡಬಹುದಾದ ಎರಡು ಬ್ಯಾಂಡಿನದ್ದು. ಮೂರನೆಯ ವರ್ಷದಲ್ಲಿ ಅದರ ಕೇಳುವ ಶಕ್ತಿ ಕುಂದತೊಡಗಿತು. ಮೊದಲು ಹುರಿಗಡಲೆ ಸಿಡಿದಂತೆ ಒಡಕು ಸದ್ದು, ಆಮೇಲೆ ಹತ್ತಿರದ ಬಲವಾದ ಸ್ಟೇಷನ್ನುಗಳನ್ನು ಬಿಟ್ಟು ಬೇರೆ ಯಾರೂ ಕೇಳಿಸದ ಸ್ಥಿತಿ. ವೈರು, ಆಂಟೆನಾ, ಬ್ಯಾಟರಿ ಎಲ್ಲವನ್ನೂ ಪರೀಕ್ಷಿಸಿದೆ, ಯಾವುದರಲ್ಲೂ ದೋಷವಿರಲಿಲ್ಲ. ಮಾರಿದವರು ಸೂಚಿಸಿದ ಸೇವಾ ಕೇಂದ್ರಕ್ಕೆ ಕಳುಹಿಸಿದೆ. ಏಳು ತಿಂಗಳು ಅಲ್ಲಿದ್ದ ಸೆಟ್ಟು, ಇಡೀ ಬೋರ್ಡನ್ನೇ ಬದಲಿಸಬೇಕು, ಅದಕ್ಕೆ ಹೊಸ ಸೆಟ್ಟಿನ ಅರ್ಧ ಬೆಲೆ ಆಗುತ್ತದೆ, ಬೋರ್ಡು ಎಂದು ಬರುವುದೆಂದು ಹೇಳಲಾಗದು ಎಂಬ ಚೀಟಿಯೊಂದಿಗೆ ಬಿಚ್ಚಿದ ಸ್ಥಿತಿಯಲ್ಲೇ ಮರಳಿ ಬಂತು.

ಅದನ್ನು ಸರಿಪಡಿಸಿದವರು ಹಿರಿಯೂರಿನ ಹಿರಿಯ ಹ್ಯಾಮ್ ಮಿತ್ರರು. ದೋಷವಿದ್ದದ್ದು ಬಟಾಣಿಗಿಂತ ಸ್ವಲ್ಪ ದೊಡ್ಡದಾದ, ಬೇಕಾದ ಸ್ಟೇಷನ್ನಿನ ಸಂಕೇತವನ್ನು ಮಾತ್ರ ಒಳಬಿಡುವ 455 ಕಿಲೋಹರ್ಟ್ಸಿನ ಸೆರಾಮಿಕ್ ಫಿಲ್ಟರಿನಲ್ಲಿ. ಇಂತಹ ಫಿಲ್ಟರಿನ ತುದಿಗಳ ನಡುವೆ ನೇರ ವಿದ್ಯುತ್ತಿನ ಒತ್ತಡ ಸದಾ ಇದ್ದರೆ, ಒಳಗಿನ ಬೆಳ್ಳಿಯ ಲೇಪ ತೇವಾಂಶದ ನೆರವಿನಿಂದ ವರ್ಷಗಳ ಕಾಲ ನಿಧಾನವಾಗಿ ಸರಿಯುತ್ತಾ ಹೋಗಿ ಸದ್ದು ಮತ್ತು ಕಿವುಡು ಹುಟ್ಟುತ್ತದೆ. ವಿನ್ಯಾಸ ಮಾಡುವಾಗ ನೇರ ವಿದ್ಯುತ್ತನ್ನು ತಡೆಯುವ ಒಂದು ಚಿಕ್ಕ ಕೆಪಾಸಿಟರನ್ನು ನಡುವೆ ಇಟ್ಟಿದ್ದರೆ ಆ ಒತ್ತಡ ಫಿಲ್ಟರನ್ನು ಮುಟ್ಟುತ್ತಲೇ ಇರಲಿಲ್ಲ. ಮಿತ್ರರು ಹಳೆಯ ಸೆಟ್ಟೊಂದರಿಂದ ಫಿಲ್ಟರ್ ಕಳಚಿ ಬೆಸೆದು, ಬೋರ್ಡಿನ ದಾರಿಯೊಂದನ್ನು ಕತ್ತರಿಸಿ ಆ ಕೆಪಾಸಿಟರನ್ನೂ ಸೇರಿಸಿದರು. ಒಂದು ಭಾನುವಾರದ ಮಧ್ಯಾಹ್ನದ ಕೆಲಸ. ಅಂದಿನಿಂದ ಆ ಸೆಟ್ಟು ಕಿವುಡಾಗಿಲ್ಲ. ಇದು ನನ್ನ ಬಳಕೆಯ ತಪ್ಪಲ್ಲ, ಬಿಸಿಲಿನದ್ದೂ ದೂಳಿನದ್ದೂ ಅಲ್ಲ. ತಯಾರಿಕೆಯಲ್ಲೇ ಕೂತಿದ್ದ ದೋಷ. ಮೊದಲ ವಾರದ ಯಾವ ಪರೀಕ್ಷೆಯಲ್ಲೂ ಇದು ಕಾಣುತ್ತಿರಲಿಲ್ಲ. ಕೊಂಡವರು ಮೂರು, ನಾಲ್ಕು ವರ್ಷಗಳ ನಂತರ ಬಾಯಿಬಿಟ್ಟು ಹೇಳಿದರೆ ಮಾತ್ರ ಮುಂದೆ ಕೊಳ್ಳುವವರಿಗೆ ತಿಳಿಯುತ್ತದೆ.

ಮೂರನೆಯ ಸೆಟ್ಟಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕೊಂಡು ಎರಡು ವರ್ಷವಾಗಿದೆ, ತೊಂದರೆ ಇಲ್ಲ. ಆದರೆ ಎರಡು ವರ್ಷದ ಮೌನವನ್ನು ನಾನು ಬಾಳಿಕೆ ಎಂದು ಕರೆಯಲಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹ್ಯಾಮ್ ಮಿತ್ರರು ತಮ್ಮ ಸೆಟ್ಟು ಚೆನ್ನಾಗಿದೆ, ಕೆಟ್ಟದಾಗಿದೆ ಎಂಬ ಒಂದು ಪದದ ತೀರ್ಪನ್ನು ಬಿಟ್ಟು, ಕೊಂಡ ವರ್ಷ, ಕಾರಿನಲ್ಲಿ ಇಟ್ಟ ಜಾಗ, ವೈರಿನ ದಪ್ಪ, ಸಾಮಾನ್ಯವಾಗಿ ಬಳಸುವ ಶಕ್ತಿ, ಕೆಟ್ಟ ಭಾಗ, ರಿಪೇರಿಗೆ ಹಿಡಿದ ಕಾಲ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯಾರೊಡನೆ ಯಾವಾಗ ಮಾತನಾಡಿದೆವೆಂದು ಲಾಗ್ ಬರೆಯುವ ಅಭ್ಯಾಸ ನಮಗೆ ಹೇಗೂ ಇದೆ. ಅದೇ ಪುಸ್ತಕದ ಹಿಂದಿನ ಹಾಳೆಗಳು ಇದಕ್ಕೆ ಸಾಕು. ಮಾರಾಟಗಾರರು ಸೆಟ್ಟಿನೊಂದಿಗೆ ಮೈಕು, ಫ್ಯಾನು, ಪವರ್ ಮಾಡ್ಯೂಲ್, ಫಿಲ್ಟರುಗಳಷ್ಟನ್ನಾದರೂ ದಾಸ್ತಾನು ಇಡಬೇಕು, ಮತ್ತು ಸರ್ಕ್ಯೂಟ್ ನಕ್ಷೆಯನ್ನು ಕೊಂಡವರಿಗೆ ಕೊಡಬೇಕು. ಆ ನಕ್ಷೆ ನನ್ನ ಕೈಯಲ್ಲಿ ಇದ್ದಿದ್ದರೆ ಏಳು ತಿಂಗಳು ಕಾಯುವ ಪ್ರಮೇಯವೇ ಬರುತ್ತಿರಲಿಲ್ಲ.

ತಾವು ಪುರವಣಿಯಲ್ಲಿ ತಿಂಗಳಿಗೊಮ್ಮೆಯಾದರೂ, ಐದು ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದ ಉಪಕರಣದ ಬಗ್ಗೆ ಅದರ ಮಾಲೀಕರೇ ಬರೆದ ಅನುಭವಕ್ಕೆ ಅರ್ಧ ಕಾಲಮ್ಮಿನ ಜಾಗ ಕೊಟ್ಟರೆ, ನನ್ನ ಮೂರು ಸೆಟ್ಟುಗಳ ಲೆಕ್ಕದ ಪುಸ್ತಕವನ್ನು ಮೊದಲ ಬರಹಕ್ಕಾಗಿ ಒದಗಿಸಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಹವ್ಯಾಸಿ ರೇಡಿಯೊ ಪರವಾನಗಿದಾರ,
ದಾವಣಗೆರೆ