ಪದಕದ ಆಚೆಗೂ ಬರಿ

ಪ್ರೀತಿಯ ತಂಗಿ,

ವೋಲ್ಫ್‌ಗಾಂಗ್ ಬೆಹ್ರೆಂಟ್ ಬಗ್ಗೆ ನೀನು ಬರೆದ ಕರಡು ಓದಿದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದ ಬರ್ಲಿನ್ ಹುಡುಗ, ಪೂರ್ವ ಜರ್ಮನಿಯ ಮೊಟ್ಟಮೊದಲ ಒಲಿಂಪಿಕ್ ಚಾಂಪಿಯನ್. ಒಳ್ಳೆಯ ವಸ್ತುವನ್ನೇ ಹಿಡಿದಿದ್ದೀಯ. ಆದರೆ ಆರಂಭದ ಪುಟಗಳನ್ನೆಲ್ಲ ಶೀತಲ ಸಮರವೇ ತಿಂದುಹಾಕಿದೆ. ಆತ ಹುಟ್ಟಿದ್ದು 1936ರಲ್ಲಿ. ಯುದ್ಧ ಮುಗಿದಾಗ ಇನ್ನೂ ಒಂಬತ್ತು ತುಂಬಿರಲಿಲ್ಲ. ಬಾಂಬಿಗೆ ಕುಸಿದ ಊರಲ್ಲಿ ಬೆಳೆದ ಆ ಮಗುವನ್ನು ಮೊದಲು ತೋರಿಸು, ರಾಜಕೀಯ ತಾನಾಗಿಯೇ ಬರುತ್ತದೆ. ಎರಡು ಜರ್ಮನಿಗಳೂ ಒಂದೇ ತಂಡವಾಗಿ ಹೋಗಿದ್ದವು, ಆತನ ಹೆಸರಿನ ಮುಂದೆ ಬರೀ ‘ಜರ್ಮನಿ’ ಎಂದಿತ್ತು ಎಂದು ಹೇಳಿದರೆ ಓದುಗರಿಗೆ ಸಾಕು.

ಫೈನಲ್ ಪಂದ್ಯದಲ್ಲಿ ನಿನ್ನ ಸಾಂಗ್ ಸೂನ್-ಚುನ್ ನೆಲಕ್ಕುರುಳುತ್ತಾನೆ. ಅದನ್ನು ತೆಗೆ. ಆ ದಕ್ಷಿಣ ಕೊರಿಯಾದ ಹುಡುಗ ಸೋತದ್ದು ಅಂಕಗಳಲ್ಲಿ. ಬ್ಯಾಂಟಮ್‌ವೇಟ್ ತೂಕದ ವರ್ಗ, 54 ಕಿಲೋ ಮಿತಿ. ಮೂರು ಮೂರು ನಿಮಿಷದ ಮೂರು ಸುತ್ತು. ತಲೆಗೆ ರಕ್ಷಣೆಯಿಲ್ಲ, ಒಲಿಂಪಿಕ್ಸ್‌ನಲ್ಲಿ ಅದು ಬಂದದ್ದು 1984ಕ್ಕೆ. ಒಂಬತ್ತು ನಿಮಿಷ ಗುದ್ದಾಡಿ, ಬೆವರು ಒರೆಸಿಕೊಂಡು, ಇನ್ನೊಬ್ಬರ ತೀರ್ಪಿಗೆ ಕಾಯುವುದರಲ್ಲೇ ಅಮೆಚೂರ್ ಬಾಕ್ಸಿಂಗ್‌ನ ಎಲ್ಲ ತಳಮಳವೂ ಇದೆ. ಓದುವವರೂ ಕಾಯಲಿ. ಎದುರಾಳಿಯದೂ ಒಡೆದ ದೇಶವೇ, ಅಲ್ಲಿ ಯುದ್ಧ ನಿಂತು ಮೂರೇ ವರ್ಷವಾಗಿತ್ತು. ಇದನ್ನು ಒಂದು ಸಾಲಲ್ಲಿ ಹೇಳಿ ಮುಂದೆ ಹೋಗು, ಹಿಗ್ಗಿಸಬೇಡ.

ನನಗೆ ಬೇಸರವಾದದ್ದು ಕೊನೆಯ ಭಾಗದಲ್ಲಿ. ಪದಕ ಕೊರಳಿಗೆ ಬಿದ್ದ ಕೂಡಲೇ ನೀನು ಆತನನ್ನು ಬಿಟ್ಟುಬಿಟ್ಟೆ. ಆಗ ಆತನಿಗೆ ಇಪ್ಪತ್ತು ವರ್ಷ! ಪೂರ್ವ ಜರ್ಮನಿಯಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಅವಕಾಶವಿರಲಿಲ್ಲ. ಹಣಕ್ಕಾಗಿ ಆಡುವ ದಾರಿಯೇ ಮುಚ್ಚಿತ್ತು. ಮುಂದೆ ಆತ ಕ್ಯಾಮೆರಾ ಹಿಡಿದ. ಆಳುವ ಪಕ್ಷದ ಪತ್ರಿಕೆ ‘ನೋಯೆಸ್ ಡಾಯ್ಚ್‌ಲಾಂಡ್’ನ ಫೋಟೋಗ್ರಾಫರ್ ಆದ. ಟ್ರಂಪೆಟ್ ಕೂಡ ನುಡಿಸುತ್ತಿದ್ದ. ಇಷ್ಟನ್ನೂ ನೀನು ಅರ್ಧ ಪುಟದಲ್ಲಿ ಮುಗಿಸಿದ್ದೀಯ.

ಗುದ್ದು ಯಾವಾಗ ಬರುತ್ತದೆಂದು ಮೈಯಲ್ಲೇ ಬಲ್ಲವನು ಹಗ್ಗದ ಹೊರಗೆ ನಿಂತರೆ ಗುಂಡಿ ಒತ್ತುವುದು ಯಾವ ಕ್ಷಣದಲ್ಲಿ? ಪಕ್ಷದ ಪತ್ರಿಕೆ ಎಂಥ ಚಿತ್ರ ಕೇಳುತ್ತಿತ್ತು, ಎಂಥದನ್ನು ಬದಿಗಿಡುತ್ತಿತ್ತು? ಆತ ತೆಗೆದ ಚಿತ್ರಗಳನ್ನು ಹುಡುಕಿ, ಒಂದೊಂದರ ಮುಂದೆಯೂ ಹೊತ್ತು ಕಳೆ. ಸಿಕ್ಕಷ್ಟನ್ನೇ ಬರಿ, ಸಿಗದ ಕಡೆ ಆತನ ಮನಸ್ಸಿನ ಮಾತನ್ನು ನೀನು ಹೆಣೆಯಬೇಡ. ಅದು ಬದುಕಿದ ಮನುಷ್ಯನ ಬಾಳು, ನಮ್ಮ ಸೊತ್ತಲ್ಲ.

ಮೆಲ್ಬರ್ನ್ ಅಧ್ಯಾಯ ಸದ್ಯಕ್ಕೆ ಹಾಗೇ ಇರಲಿ. ಮೊದಲು ಈ ಫೋಟೋಗ್ರಾಫರ್‌ನ ಅಧ್ಯಾಯ ಬರೆದು ಕಳಿಸು, ಉದ್ದವಾದರೂ ಚಿಂತೆಯಿಲ್ಲ.

ನಿನ್ನ ಅಕ್ಕ