ತುರ್ತು ಘಟಕದ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ರಾಜ್ಯದಲ್ಲಿ ಎಷ್ಟು ಕಿಲೊ ಗಾಂಜಾ ಸಿಕ್ಕಿತು, ಎಷ್ಟು ಜನರ ಬಂಧನವಾಯಿತು ಎಂಬ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತೇವೆ. ಮಾದಕವಸ್ತು ಸೇವಿಸಿ ತುರ್ತು ಚಿಕಿತ್ಸಾ ಘಟಕಕ್ಕೆ ಬಂದವರೆಷ್ಟು, ವಾರ್ಡಿನಲ್ಲಿ ಉಳಿದವರೆಷ್ಟು ಎಂಬ ಜಿಲ್ಲಾವಾರು ಲೆಕ್ಕ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಶುಶ್ರೂಷಕಿಯಾಗಿದ್ದಾಗ ಕಂಡ ಮಾತು ಹೇಳುತ್ತೇನೆ. ಮರ್ಯಾದೆಗೆ ಅಂಜಿದ ಮನೆಯವರು ‘ತಲೆ ಸುತ್ತಿ ಬಿದ್ದ’ ಎನ್ನುತ್ತಾರೆ. ಕೇಸ್ ಶೀಟಿನಲ್ಲೂ ಅದೇ ದಾಖಲಾಗುತ್ತದೆ. ಒಬ್ಬ ತಾಯಿ ಮಗನ ಜೇಬಿನಲ್ಲಿದ್ದ ಅಫೀಮು ವರ್ಗದ ನೋವುನಿವಾರಕ ಮಾತ್ರೆಗಳ ಸ್ಟ್ರಿಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಮೊದಲೇ ತೋರಿಸಿದ್ದರೆ ನಲಾಕ್ಸೋನ್ ಚುಚ್ಚುಮದ್ದನ್ನು ಬೇಗ ಕೊಡಬಹುದಿತ್ತು. ಅಫೀಮು ವರ್ಗದ ಔಷಧದಿಂದ ಕುಗ್ಗಿದ ಉಸಿರನ್ನು ಅದು ನಿಮಿಷಗಳಲ್ಲಿ ಮರಳಿಸಬಲ್ಲದು. ಆ ತಾಯಿಯನ್ನು ದೂರಲಾರೆ. ಅವರಿಗೆ ಪೊಲೀಸರ ಭಯವಿತ್ತು. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕವಸ್ತು ನಿಯಂತ್ರಣ ಕಾಯ್ದೆಯ (ಎನ್‌ಡಿಪಿಎಸ್) 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ದೇಶದಲ್ಲಿ ಸುಮಾರು 77 ಲಕ್ಷ ಜನರಿಗೆ ಅಫೀಮು ವರ್ಗದ ವಸ್ತುಗಳ ಸಮಸ್ಯೆಗೆ ನೆರವು ಬೇಕೆಂದು ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ 2019ರ ವರದಿ ಅಂದಾಜಿಸಿತ್ತು. ಆರೋಗ್ಯ ಇಲಾಖೆಯು ಹೆಸರು, ವಿಳಾಸ ಬಿಟ್ಟು ಮಾದಕವಸ್ತು ಸೇವಿಸಿ ಆಸ್ಪತ್ರೆಗೆ ಬಂದವರ ಸಂಖ್ಯೆಯನ್ನು ಪ್ರತಿ ತಿಂಗಳು ಪ್ರಕಟಿಸಲಿ. ಪ್ರತಿ ತುರ್ತು ಘಟಕದ ಬಾಗಿಲಲ್ಲಿ 64ಎ ಕಲಮಿನ ಮಾಹಿತಿಯನ್ನು ಕನ್ನಡದಲ್ಲಿ ತೂಗುಹಾಕಲಿ.

– ನಿವೃತ್ತ ಶುಶ್ರೂಷಕಿ, ಹಾಸನ