ಕಲಿಕಾ ಹಬ್ಬಕ್ಕೆ ಊರಿನ ಅಜ್ಜಿಯರೂ ಬರಲಿ

ಮಾನ್ಯರೇ,

ಶಾಲೆಗಳ ಮಕ್ಕಳ ಕಲಿಕಾ ಹಬ್ಬದಲ್ಲಿ ನಮ್ಮ ಮಲೆನಾಡಿನ ಕಥೆ, ಕಲೆ, ಕಾಡಿಗೆ ಇನ್ನೂ ಜಾಸ್ತಿ ಜಾಗ ಸಿಗಬೇಕು. ಸಾಗರದ ಕಡೆಯ ನಮ್ಮೂರಿನಲ್ಲಿ ಹಬ್ಬ ಚೆನ್ನಾಗಿಯೇ ಆಯಿತು. ಆದರೆ ಮಕ್ಕಳು ಹೆಚ್ಚು ಹೊತ್ತು ಕೂತಿದ್ದು ಒಬ್ಬ ಅಜ್ಜಿಯ ಹತ್ತಿರ. ಅವರು ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರದ ಒಂದೊಂದೇ ಗೆರೆ ಎಳೆಯುತ್ತಾ, ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಯ ಕಥೆ ಹೇಳುತ್ತಿದ್ದರು. ಗಲಾಟೆ ಹುಡುಗರೂ ಮಿಸುಕಾಡಲಿಲ್ಲ. ನಮ್ಮ ಕಡೆಯ ದೀವರ ಸಮುದಾಯದ ಮನೆಗಳ ಈ ಕಲೆಗೆ ಬಣ್ಣ ಕೊಡುವುದು ಮಣ್ಣು, ಅಕ್ಕಿಯಂಥವೇ. ಪರಿಸರ ಪಾಠ ಅಂದರೆ ಇದೇ ಅಲ್ವಾ?

ಪಶ್ಚಿಮ ಘಟ್ಟಕ್ಕೆ 2012ರಲ್ಲೇ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿದೆ. ಅದರ ಮಡಿಲಲ್ಲೇ ಬೆಳೆಯುವ ಎಷ್ಟೋ ಮಕ್ಕಳಿಗೆ ಮನೆ ಹಿಂದಿನ ಕಾನಿನ, ಅಂದರೆ ದಟ್ಟ ಕಾಡಿನ, ಮರದ ಹೆಸರು ಗೊತ್ತಿಲ್ಲ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಅನ್ನುವುದೂ ಗೊತ್ತಿಲ್ಲ. ಅವರ ತಪ್ಪಲ್ಲ, ನಾವೇ ತೋರಿಸಿಲ್ಲ.

ಮುಂದಿನ ಹಬ್ಬಕ್ಕೆ ಪ್ರತಿ ಶಾಲೆಯೂ ಕಥೆ ಹೇಳುವ ಹಿರಿಯರೊಬ್ಬರನ್ನು ಕರೆಸಲಿ, ಶಿಕ್ಷಣ ಇಲಾಖೆ ಅವರಿಗೆ ಸಣ್ಣ ಗೌರವಧನ ಕೊಡಲಿ. ಅರ್ಧ ದಿನ ಮಕ್ಕಳನ್ನು ಕಾನಿಗೆ ಕರೆದುಕೊಂಡು ಹೋಗುವುದೂ ಕಾರ್ಯಕ್ರಮದಲ್ಲಿ ಸೇರಲಿ.

– ಒಬ್ಬ ಪೋಷಕಿ, ಸಾಗರ ತಾಲ್ಲೂಕು